ಬೀಗಿತ್ತಿ ಮನೆಯ ಬೂಷ್ಟು

ಥಾರ್ನ್ಲಿ, ಪರ್ತ್

ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ನಾನು. ಮಂಡ್ಯದಿಂದ ಮಳವಳ್ಳಿ, ಮಳವಳ್ಳಿಯಿಂದ ಮಂಡ್ಯ. ಯಾರು ಎಲ್ಲಿಗೆ ಹೋಗುತ್ತಾರೆ, ಯಾಕೆ ಹೋಗುತ್ತಾರೆ, ಹೋದ ಕೆಲಸ ಆಯಿತೋ ಇಲ್ಲವೋ ಎಂಬುದೆಲ್ಲ ನನಗೆ ಗೊತ್ತಿರುತ್ತಿತ್ತು. ನಾನು ಮಾತ್ರ ಎಲ್ಲಿಗೂ ಹೋದವಳಲ್ಲ. ಹಾಗಾಗಿ ಆಸ್ಟ್ರೇಲಿಯಾದಿಂದ ವಾಪಸು ಬಂದ ದಿನ ನಮ್ಮ ಬೀದಿಯ ಹೆಂಗಸರೆಲ್ಲ ಜಗಲಿ ಮೇಲೆ ಸೇರಿ, ಏನೇನು ನೋಡಿದೆ ಜಯಮ್ಮ, ಹೇಳು ಎಂದು ಕೂತುಬಿಟ್ಟರು. ಕಾಂಗರೂ ನೋಡಿದೆ, ರಸ್ತೆ ಬದಿಯಲ್ಲಿ ಸತ್ತು ಬಿದ್ದಿತ್ತು. ಸಮುದ್ರ ನೋಡಿದೆ, ಕಾರಿನ ಕಿಟಕಿಯಿಂದ. ಕಣ್ಣು ತುಂಬ ನೋಡಿದ್ದು ಎಂದರೆ ಒಂದು ಅಡುಗೆಮನೆಯನ್ನು, ಅದರ ಕೆಳಗಿನ ಒಂದು ನೆಲಮಾಳಿಗೆಯನ್ನು. ಅಲ್ಲಿ ನಾನು ಮಾಡಿದ ಘನಕಾರ್ಯವನ್ನು ಜಗಲಿ ಮೇಲೆ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗಳು ರಶ್ಮಿ ಪರ್ತ್‌ನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಇದನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಎರಡು ವರ್ಷದ ಹಿಂದೆ ಅವಳು ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಲೂಕ್ ಎಂಬುವನನ್ನು ರಿಜಿಸ್ಟರ್ ಮದುವೆಯಾದಳು. ಹುಡುಗ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ಅಪ್ಪ ಅಮ್ಮ ಫ್ರಾನ್ಸಿನವರು. ನಮ್ಮ ಯಜಮಾನರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಕೇಳದೆ ನಿಶ್ಚಯ ಮಾಡಿಕೊಂಡಳಲ್ಲ ಎಂಬ ಸಿಟ್ಟಿಗೆ ನಾನು ಮದುವೆಗೆ ಹೋಗಲಿಲ್ಲ. ಟಿಕೆಟ್ ಕಳಿಸಿದ್ದಳು, ಆದರೂ ಹೋಗಲಿಲ್ಲ. ಒಂದು ವರ್ಷ ಸರಿಯಾಗಿ ಮಾತೂ ಆಡಲಿಲ್ಲ. ಎರಡನೇ ಸಲ ಟಿಕೆಟ್ ಬಂದಾಗ ಹೊರಟೆ. ಸಿಟ್ಟು ಮುಗಿದಿತ್ತು, ಅದನ್ನು ಒಪ್ಪಿಕೊಳ್ಳುವುದಕ್ಕೆ ಮಾತ್ರ ಬಿಗುಮಾನ.

ಥಾರ್ನ್ಲಿಯಲ್ಲಿ ಅವರ ಮನೆ. ಇಬ್ಬರೂ ಡ್ಯೂಟಿಗೆ ಹೋದ ಮೇಲೆ ನಾನು ಬಸ್ಸು ಹತ್ತಿ ಶಾಪಿಂಗ್ ಸೆಂಟರ್‌ವರೆಗೆ ಹೋಗಿ ಬರುತ್ತಿದ್ದೆ. ಕೊಳ್ಳುವುದೇನೂ ಇಲ್ಲ, ಬಸ್ಸು ನೋಡುವುದಕ್ಕೆ. ಕಂಡಕ್ಟರೇ ಇಲ್ಲದ ಬಸ್ಸು. ಜನ ತಮ್ಮಷ್ಟಕ್ಕೆ ಕಾರ್ಡು ಮುಟ್ಟಿಸಿ ಕೂರುತ್ತಾರೆ. ಇಳಿಯುವಾಗ ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ ಯೂ ಎಂದು ಕೂಗಿ ಇಳಿಯುತ್ತಾರೆ. ನನ್ನ ಇಪ್ಪತ್ತೊಂಬತ್ತು ವರ್ಷದಲ್ಲಿ ಇಳಿಯುವಾಗ ನನಗೆ ಥ್ಯಾಂಕ್ಸ್ ಹೇಳಿದವರನ್ನು ಎಣಿಸಿದರೆ ಒಂದು ಕೈಯ ಬೆರಳು ಸಾಕು. ಒಂದು ದಿನ ಡ್ರೈವರ್ ಹೆಂಗಸಿಗೆ, ನಾನೂ ಬಸ್ಸಿನವಳೇ, ಕಂಡಕ್ಟರು ಎಂದೆ. ಅವಳು ಟೋಪಿ ಮುಟ್ಟಿ ನಮಸ್ಕಾರ ಮಾಡಿದಳು. ಸಂಜೆ ರಶ್ಮಿಗೆ ಇದನ್ನು ಮೂರು ಸಲ ಹೇಳಿದೆ.

ಮೂರನೇ ಸಲ ಕೇಳಿದ ಮೇಲೆ ಅವಳು ವಿಷಯಕ್ಕೆ ಬಂದಳು.

"ಅಮ್ಮ, ಲೂಕ್ ಪೇರೆಂಟ್ಸ್ ನಿನ್ನನ್ನ ಕರೀತಿದಾರೆ. ಅಡಿಲೇಡ್ ಹತ್ರ ಅವರ ಫಾರ್ಮಲ್ಲಿ ಒಂದೆರಡು ವೀಕ್ಸ್ ಇದ್ಬಿಡು. ನಾವು ಬಿಟ್ಟು ಬಂದ್ಬಿಡ್ತೀವಿ, ಆಮೇಲೆ ಒಂದು ಸಂಡೇ ಲಂಚ್‌ಗೆ ವಾಪಸ್ ಬರ್ತೀವಿ. ಎರಡೂ ಕಡೆಯವರು ಕೂತು ಊಟ ಮಾಡಿದ ಹಾಗೂ ಆಗತ್ತೆ."

"ಅಂದ್ರೆ ಬೀಗರ ಊಟ."

"ಹೂಂ, ಹಾಗೇ ಅಂದ್ಕೋ."

"ಅಂದ್ಕೊಳ್ಳೋದೇನೇ, ಅದೇ ಅದು."

ನಮ್ಮ ಕಡೆ ಮದುವೆ ಮುಗಿದರೂ ಬೀಗರ ಊಟ ಆಗದೆ ಸಂಬಂಧ ಗಟ್ಟಿಯಾಗುವುದಿಲ್ಲ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಒಂದೇ ಪಂಕ್ತಿಯಲ್ಲಿ ಕೂತು ಮಾಂಸದೂಟ ಮಾಡಬೇಕು. ಮದುವೆಗೆ ಬಾರದ ತಾಯಿ ಎಂಬ ಮಾತು ಆ ಮನೆಯಲ್ಲಿ ಆಗಲೇ ಬಂದು ಹೋಗಿರುತ್ತದೆ. ಇನ್ನು ಮೇಲಾದರೂ ನನ್ನ ಮಗಳ ತವರಿನ ಬಗ್ಗೆ ಒಂದು ಹಗುರ ಮಾತು ಅವರ ಬಾಯಲ್ಲಿ ಬರಬಾರದು. ಹಾಗೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ವಿಮಾನ ಹತ್ತಿದೆ.

ಅಡಿಲೇಡಿನ ಗುಡ್ಡ, ಮೊದಲ ಊಟ

"ಗೇಟ್ ಆಚೆ ಆಸ್ಟ್ರೇಲಿಯಾ, ಗೇಟ್ ಒಳಗೆ ಫ್ರಾನ್ಸ್. ಸ್ವಲ್ಪ ನೋಡ್ಕೊಂಡಿರಮ್ಮ," ಎಂದಳು ರಶ್ಮಿ, ಕಾರು ಗುಡ್ಡ ಹತ್ತಿ ಒಂದು ಕಲ್ಲಿನ ಮನೆಯ ಮುಂದೆ ನಿಂತಾಗ.

ನನ್ನ ಬೀಗಿತ್ತಿ ಓಡೆಟ್, ಬೀಗರು ರೆನೆ. ಇಬ್ಬರಿಗೂ ನನಗಿಂತ ಐದಾರು ವರ್ಷ ಹೆಚ್ಚು. ನಲವತ್ತು ವರ್ಷದ ಹಿಂದೆ ಫ್ರಾನ್ಸಿನ ಒಂದು ಗುಡ್ಡದ ಹಳ್ಳಿಯಿಂದ ಬಂದವರು. ಹಳ್ಳಿ ಬಿಟ್ಟರೂ ಹಳ್ಳಿಯ ದಿನಚರಿ ಬಿಟ್ಟಿರಲಿಲ್ಲ. ಹನ್ನೊಂದು ಆಡು, ಒಂದಷ್ಟು ಕೋಳಿ, ತರಕಾರಿ ಮಡಿ. ಓಡೆಟ್ ಬಾಗಿಲಲ್ಲೇ ನನ್ನ ಎರಡೂ ಕೆನ್ನೆಗೆ ಮುತ್ತಿಡಲು ಬಂದಳು. ಒಂದಕ್ಕೆ ನಾನು ಮುಖ ಕೊಟ್ಟೆ. ಮುಗಿಯಿತು ಎಂದು ತಲೆ ಎತ್ತುವಷ್ಟರಲ್ಲಿ ಎರಡನೆಯದು ಬಂತು, ನನ್ನ ಮೂಗು ಹೋಗಿ ಅವಳ ಕನ್ನಡಕಕ್ಕೆ ತಗುಲಿತು. ಅವಳ ಇಂಗ್ಲಿಷಿಗೆ ಫ್ರೆಂಚ್ ರಾಗ, ನನ್ನ ಇಂಗ್ಲಿಷ್ ಸ್ಟೇಜು ಸ್ಟೇಜಿಗೂ ನಿಂತು ಹೊರಡುವಂಥದು. ಆದರೂ ಹೇಗೋ ನಡೆಯಿತು. ಅವರ ಮಾತನ್ನು ನಾನು ಇಲ್ಲಿ ನನಗೆ ತಿಳಿದ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ.

ಹನ್ನೆರಡಕ್ಕೆ ಸರಿಯಾಗಿ ಊಟ. ನಮ್ಮ ಹಾಗೆ ಎಲ್ಲವನ್ನೂ ಒಟ್ಟಿಗೆ ಬಡಿಸುವುದಿಲ್ಲ. ಒಂದಾದ ಮೇಲೆ ಒಂದು ಬರುತ್ತದೆ. ಮೊದಲು ಬೀಟ್‌ರೂಟು, ಆಮೇಲೆ ಕೋಳಿ. ಕೋಳಿ ಬಹಳ ಚೆನ್ನಾಗಿತ್ತು. ಓಡೆಟ್ ಪಾತ್ರೆ ಹಿಡಿದು, ಇನ್ನೂ ಸ್ವಲ್ಪ ಹಾಕಲೇ ಎಂದಳು. ನಾನು ಮರ್ಯಾದೆಯಿಂದ ಬೇಡ, ಸಾಕು ಎಂದೆ. ನಮ್ಮಲ್ಲಿ ಮೊದಲ ಸಲ ಬೇಡ ಎನ್ನಬೇಕು. ಬಡಿಸುವವರು ಅಯ್ಯೋ, ಏನೂ ತಿಂದೇ ಇಲ್ಲ ಎಂದು ಜೋರು ಮಾಡಬೇಕು. ಮೂರನೇ ಸಲಕ್ಕೆ ನಾವು ಸೋತವರಂತೆ ತಟ್ಟೆ ಮುಂದೆ ಮಾಡಬೇಕು. ಓಡೆಟ್ ತಲೆಯಾಡಿಸಿ ಪಾತ್ರೆಯನ್ನು ಒಲೆ ಮೇಲಿಟ್ಟು ಮುಚ್ಚಳ ಮುಚ್ಚಿಬಿಟ್ಟಳು. ಆ ಮುಚ್ಚಳದ ಸದ್ದು ನನ್ನ ಹೊಟ್ಟೆಯಲ್ಲಿ ಕೇಳಿಸಿತು.

ಆಮೇಲೆ ಹಲಗೆ ಮೇಲೆ ಚೀಸ್ ಬಂತು. ರಶ್ಮಿ ಕಿವಿಯಲ್ಲಿ ಹೇಳಿದಳು.

"ಚೀಸ್ ಒಂದೇ ಸಲ ಕಟ್ ಮಾಡ್ಕೋಬೇಕು ಅಮ್ಮ. ಎರಡನೇ ಸಲ ತಗೊಂಡ್ರೆ ಮಿಕ್ಕಿದ ಊಟ ಸಾಲಲಿಲ್ಲ ಅಂತ ಅರ್ಥ. ಈ ಮನೇಲಿ ಯಾರೂ ಹಾಗೆ ಮಾಡಲ್ಲ."

ಒಂದೇ ಸಲಕ್ಕೆ ದೊಡ್ಡದಾಗಿ ಕತ್ತರಿಸಬಹುದು ಎಂದು ಅವಳು ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅಷ್ಟರಲ್ಲಿ ರೆನೆ ತಟ್ಟೆಯಲ್ಲಿದ್ದ ಸಾರನ್ನು ಬ್ರೆಡ್ಡಿನಿಂದ ಬಳಿದು ಬಳಿದು ತಿಂದು, ತಟ್ಟೆಯನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಜಾಮ್ ಹಾಕಿಕೊಂಡ. ತಟ್ಟೆ ಉಳಿಸುವ ಹಳ್ಳಿಯ ಅಭ್ಯಾಸವಂತೆ. ಎಂಜಲು ಎಂಬ ಮಾತನ್ನು ನಾನು ಬಾಯೊಳಗೇ ನುಂಗಿಕೊಂಡೆ. ಮಗಳು ಅಳಿಯ ಮಧ್ಯಾಹ್ನವೇ ಪರ್ತ್‌ಗೆ ಹೊರಟರು. ನಾನು ನನ್ನ ಕೋಣೆ ಸೇರಿ ಚೀಲದಲ್ಲಿದ್ದ ಕೋಡುಬಳೆ ತೆಗೆದೆ. ಆ ಮನೆಯ ಮೌನದಲ್ಲಿ ಅದನ್ನು ಕಡಿದ ಸದ್ದು ಕೊಟ್ಟಿಗೆವರೆಗೂ ಕೇಳಿಸಿರಬೇಕು.

ಎರಡು ದಿನದಲ್ಲಿ ಆ ಮನೆಯ ಮೇಲೆ ಗೌರವ ಬಂತು. ಬೆಳಿಗ್ಗೆ ಎದ್ದ ತಕ್ಷಣ ಓಡೆಟ್ ಎಲ್ಲ ಕಿಟಕಿಗಳ ಮರದ ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆರೆಯುತ್ತಾಳೆ, ಸಂಜೆ ಒಂದೊಂದಾಗಿ ಮುಚ್ಚುತ್ತಾಳೆ. ಕಾಫಿ ಕುಡಿಯುವುದು ಲೋಟದಲ್ಲಲ್ಲ, ಬಟ್ಟಲಲ್ಲಿ, ಎರಡೂ ಕೈಯಲ್ಲಿ ಹಿಡಿದು, ಬ್ರೆಡ್ಡು ಅದ್ದಿಕೊಂಡು. ರೆನೆ ಜೇಬಿನಿಂದ ಮಡಚುವ ಚಾಕು ತೆಗೆದು, ಹೊಸ ಬ್ರೆಡ್ಡಿನ ತಳದ ಮೇಲೆ ಅದರ ತುದಿಯಿಂದ ಶಿಲುಬೆ ಗೀರಿ, ಆಮೇಲೇ ಕತ್ತರಿಸುತ್ತಾನೆ. ಒಂದು ಸಲ ನಾನು ಆ ಬ್ರೆಡ್ಡನ್ನು ಬೋರಲಾಗಿ ಇಟ್ಟುಬಿಟ್ಟೆ. ಓಡೆಟ್ ಬಂದು ಅದನ್ನು ನೆಟ್ಟಗೆ ಇಟ್ಟಳು. ಮೊರವನ್ನು ಕಾಲಿನಿಂದ ಸರಿಸಿದಾಗ ನನ್ನವ್ವ ನೋಡುತ್ತಿದ್ದಂಥದೇ ನೋಟ. ಅನ್ನ ಎಂದರೆ ದೇವರು ಎನ್ನುವ ಜನ ಇವರೂ ಎಂದು ಅಂದೇ ಗೊತ್ತಾಯಿತು. ಸಂಜೆ ಸೂಪ್ ಮುಗಿಯುತ್ತ ಬಂದಾಗ ರೆನೆ ಆ ತಳದ ಗುಟುಕಿಗೇ ಒಂದಿಷ್ಟು ವೈನ್ ಸುರಿದು, ತಟ್ಟೆ ಎತ್ತಿ ಕುಡಿದುಬಿಡುತ್ತಿದ್ದ. ಅವನನ್ನು ನೋಡಿದರೆ ನಮ್ಮ ಮಾವ ಮಜ್ಜಿಗೆ ಕುಡಿಯುತ್ತಿದ್ದದ್ದು ನೆನಪಾಗುತ್ತಿತ್ತು.

ಒಂದೇ ಕಷ್ಟ. ನನಗೆ ಕೆಲಸ ಕೊಡುತ್ತಿರಲಿಲ್ಲ. ಅತಿಥಿ ಕೂರಬೇಕಂತೆ. ನಮ್ಮೂರಲ್ಲಿ ಬೀಗರ ಮನೆಗೆ ಬಂದು ಕೈಕಟ್ಟಿ ಕೂತ ಹೆಂಗಸನ್ನು ಏನೆಂದು ಆಡಿಕೊಳ್ಳುತ್ತಾರೆ ಎಂಬುದು ನನಗೆ ಗೊತ್ತು.

ನಾಲ್ಕನೇ ದಿನ, ನೆಲಮಾಳಿಗೆ

ನಾಲ್ಕನೇ ದಿನ ಬೆಳಿಗ್ಗೆ ಒಂದು ಆಡಿಗೆ ಕಾಲು ಬಾತುಕೊಂಡು, ಗಂಡ ಹೆಂಡತಿ ಇಬ್ಬರೂ ಅದನ್ನು ವ್ಯಾನಿಗೆ ಹತ್ತಿಸಿಕೊಂಡು ಪಶುವೈದ್ಯರ ಹತ್ತಿರ ಹೋದರು. ಹನ್ನೆರಡರೊಳಗೆ ಬರುತ್ತೇವೆ ಎಂದರು. ಇದೇ ಸಮಯ ಎಂದು ನಾನು ಸೆರಗು ಸಿಕ್ಕಿಸಿಕೊಂಡೆ. ಅಡುಗೆಮನೆ ಗುಡಿಸಿದೆ. ಆಲೂಗಡ್ಡೆ ಸುಲಿದಿಡೋಣ ಎಂದು ನೆಲಮಾಳಿಗೆಗೆ ಇಳಿದೆ.

ತಂಪಾದ, ಕತ್ತಲ ಕೋಣೆ. ಗೋಡೆಗೆ ಮರದ ಹಲಗೆಗಳು, ಹಲಗೆ ಮೇಲೆ ಹುಲ್ಲು, ಹುಲ್ಲಿನ ಮೇಲೆ ಸಾಲಾಗಿ ಇಪ್ಪತ್ತನಾಲ್ಕು ಆಡಿನ ಹಾಲಿನ ಚೀಸ್. ಬೆಲ್ಲದ ಸಣ್ಣ ಅಚ್ಚಿನಷ್ಟು ದೊಡ್ಡವು. ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಒಂದನ್ನೂ ಬಿಡದೆ ಬೂಷ್ಟು. ಬೂದಿ ಬಣ್ಣದ್ದು, ಅಲ್ಲಲ್ಲಿ ನೀಲಿ, ಬೆಕ್ಕಿನ ಮರಿಯ ಮೈಯಂತೆ ರೋಮ ಎದ್ದಿತ್ತು.

ಅಯ್ಯೋ ಪಾಪ ಎನ್ನಿಸಿತು. ವಯಸ್ಸಾದವರು, ಕಣ್ಣು ಕಾಣದು, ಮೆಟ್ಟಿಲು ಇಳಿಯಲಾರರು. ಇನ್ನು ಎರಡು ವಾರಕ್ಕೆ ಊಟಕ್ಕೆ ಜನ ಬರುತ್ತಾರೆ. ಹಲಗೆ ಮೇಲೆ ಇದು ಬಂದರೆ ನನ್ನ ಬೀಗಿತ್ತಿಯ ಮಾನ ಏನಾಗಬೇಕು? ಉಪ್ಪಿನಕಾಯಿ ಜಾಡಿಯಲ್ಲಿ ಬೂಷ್ಟು ಕಂಡರೆ ನಮ್ಮಲ್ಲಿ ಆ ಮನೆ ಹೆಂಗಸಿಗೆ ಎಷ್ಟು ಅವಮಾನ. ನನ್ನ ಜಾಡಿಗೆ ಮದುವೆಯಾದಾಗಿನಿಂದ ಒಂದು ಚುಕ್ಕಿ ಬೂಷ್ಟು ಬಂದಿಲ್ಲ. ಆ ಹೆಮ್ಮೆಯೇ ನನ್ನನ್ನು ಹಾಳು ಮಾಡಿತು. ಯಾರಿಗೂ ಹೇಳದೆ ಸರಿ ಮಾಡಿಬಿಡೋಣ, ಅವಳಿಗೆ ನಾಚಿಕೆಯೂ ಆಗುವುದಿಲ್ಲ, ನಾನು ಎಂಥವಳು ಎಂಬುದೂ ಗೊತ್ತಾಗುತ್ತದೆ ಎಂದುಕೊಂಡೆ.

ಇಪ್ಪತ್ತನಾಲ್ಕನ್ನೂ ಮೇಲಕ್ಕೆ ತಂದೆ. ಚಾಕುವಿನ ಬೆನ್ನಿನಿಂದ ಬೂಷ್ಟನ್ನು ಹೆರೆದೆ. ಒಂದು ದೊಡ್ಡ ಪಾತ್ರೆಯಲ್ಲಿ ಮಿಡಿ ಮಾವಿಗೆ ಮಾಡುವ ಹಾಗೆ ಗಡುಸಾಗಿ ಉಪ್ಪುನೀರು ಕಲಸಿ, ಒಂದೊಂದನ್ನೂ ಕೂಸಿಗೆ ಎರೆದ ಹಾಗೆ ಅಂಗೈಯಲ್ಲಿ ಉಜ್ಜಿ ತೊಳೆದೆ. ಬಟ್ಟೆಯಿಂದ ಒತ್ತಿ, ಜಗಲಿಯ ನೆರಳಿನಲ್ಲಿ ಬಿಳಿ ಪಂಚೆಯಂಥದೊಂದು ಹಾಸಿ, ಸಂಡಿಗೆ ಇಟ್ಟ ಹಾಗೆ ಸಾಲಾಗಿ ಇಟ್ಟೆ. ನೊಣ ಕೂರಬಾರದೆಂದು ಮೇಲೆ ತೆಳು ಬಟ್ಟೆ ಹೊದೆಸಿದೆ. ಹುಲ್ಲನ್ನು ತಿಪ್ಪೆಗೆ ಹಾಕಿ, ಹಲಗೆಗಳನ್ನು ಬಿಸಿನೀರಿನಲ್ಲಿ ತಿಕ್ಕಿದೆ. ಹನ್ನೊಂದೂಮುಕ್ಕಾಲಿಗೆ ವ್ಯಾನ್ ಬಂದಾಗ ನಾನು ಜಗಲಿಯಲ್ಲಿ ಬಹುಮಾನಕ್ಕೆ ಕಾದವಳಂತೆ ಕೂತಿದ್ದೆ.

ಓಡೆಟ್ ಬಟ್ಟೆ ಎತ್ತಿ ನೋಡಿದಳು. ಒಂದು ಚೀಸನ್ನು ಕೈಗೆ ತೆಗೆದುಕೊಂಡಳು. ಆಮೇಲೆ ನೆಲಮಾಳಿಗೆಗೆ ಇಳಿದಳು. ಮೇಲೆ ಬಂದು ಮೆಟ್ಟಿಲ ಮೇಲೇ ಕುಸಿದು ಕೂತಳು. ರೆನೆ ತಲೆಯ ಮೇಲಿನ ಹ್ಯಾಟು ತೆಗೆದು ಎದೆಗೆ ಹಿಡಿದು ನಿಂತ, ಸತ್ತವರ ಮನೆಯಲ್ಲಿ ನಿಂತ ಹಾಗೆ. ಹನ್ನೆರಡು ಹೊಡೆಯಿತು. ಆ ಮನೆಯಲ್ಲಿ ಏನೇ ಆದರೂ ಹನ್ನೆರಡಕ್ಕೆ ಊಟ. ಮೂವರೂ ಕೂತು ಉಂಡೆವು. ಅಂದು ಚೀಸ್ ಹಲಗೆ ಬರಲಿಲ್ಲ.

ರಶ್ಮಿಗೆ ಫೋನ್ ಮಾಡಿದೆ. ಕೇಳುತ್ತ ಕೇಳುತ್ತ ಅವಳ ದನಿ ಇಳಿಯಿತು.

"ಅಮ್ಮ, ಏನ್ ಮಾಡ್ಬಿಟ್ಟೆ. ಆ ಬೂಷ್ಟೇ ಅಮ್ಮ ಅದಕ್ಕೆ ಜೀವ. ಅದನ್ನ ಅವರೇ ಬೆಳೆಸೋದು. ವಾರಗಟ್ಟಲೆ ದಿನಾ ತಿರುಗಿಸಿ ತಿರುಗಿಸಿ."

"ನಂಗೇನೇ ಗೊತ್ತು? ಕೊಳೆತು ಹೋಗಿದೆ ಅಂದ್ಕೊಂಡೆ."

"ಅದು ಯಾವುದಕ್ಕೆ ಇಟ್ಟಿದ್ರು ಗೊತ್ತಾ? ನಿನ್ನ ಬೀಗರ ಊಟಕ್ಕೆ."

ಆ ಮಧ್ಯಾಹ್ನ ನಾನು ಚೀಲ ತುಂಬಿದೆ. ಮದುವೆಗೆ ಬಾರದವಳು, ಬಂದವಳು ಇದನ್ನು ಮಾಡಿದಳು. ಮಗಳ ತವರಿನ ಮಾನವನ್ನು ನಾನೇ ಉಪ್ಪುನೀರಿನಲ್ಲಿ ತೊಳೆದುಬಿಟ್ಟಿದ್ದೆ. ಮಂಚದ ಮೇಲೆ ಕೂತು ಬಹಳ ಹೊತ್ತು ಅತ್ತೆ.

ಐದನೇ ದಿನ, ಹಾಲಿನ ಮನೆ

ಬೆಳಿಗ್ಗೆ ಕಿಟಕಿಗಳ ಸದ್ದು ಕೇಳಿದ ಮೇಲೆ ಎದ್ದು ಹಾಲಿನ ಮನೆಗೆ ಹೋದೆ. ಬಸ್ಸಿನಲ್ಲಿ ತಪ್ಪಾದರೆ ಮುಖ ಕೊಟ್ಟು ಹೇಳುವುದನ್ನು ಕಲಿತವಳು ನಾನು, ಹಿಂಬಾಗಿಲಿನಿಂದ ಇಳಿದು ಹೋಗುವವಳಲ್ಲ. ಓಡೆಟ್ ಹಾಲು ಸೋಸುತ್ತಿದ್ದಳು.

"ತಪ್ಪಾಯಿತು," ಎಂದೆ. "ನಮ್ಮೂರಲ್ಲಿ ಬೂಷ್ಟು ಬಂದರೆ ಆ ಮನೆ ಹೆಂಗಸಿಗೆ ಅವಮಾನ. ನಿಮಗೆ ಆ ಅವಮಾನ ಆಗದಿರಲಿ ಎಂದು ತೊಳೆದೆ."

"ನನಗೆ ಅವಮಾನ?" ಓಡೆಟ್ ಸೋಸುವುದನ್ನು ನಿಲ್ಲಿಸಿದಳು. "ನಿಮ್ಮ ಟಿಕೆಟ್ ಆಯಿತು ಎಂದು ರಶ್ಮಿ ಹೇಳಿದ ದಿನವೇ ಆ ಹಾಲು ಹೆಪ್ಪಿಗೆ ಇಟ್ಟಿದ್ದು ನಾನು. ಅಂಥ ಬೂಷ್ಟು ಈ ಸುತ್ತಮುತ್ತ ಯಾರಿಗೂ ಬರುವುದಿಲ್ಲ."

ಹಾಗೆ ಹೇಳುವಾಗ ಅವಳ ಗದ್ದ ಮೇಲಕ್ಕೆ ಹೋಯಿತು. ನನ್ನ ಉಪ್ಪಿನಕಾಯಿ ಜಾಡಿಯ ಬಗ್ಗೆ ಹೇಳುವಾಗ ನನ್ನ ಗದ್ದವೂ ಹಾಗೇ ಹೋಗುತ್ತದೆ. ಬೂಷ್ಟು ಬಾರದ್ದು ನನ್ನ ಹೆಮ್ಮೆ, ಬಂದದ್ದು ಅವಳ ಹೆಮ್ಮೆ. ಇಷ್ಟು ಹೊತ್ತು ಅವಳಿಗೆ ಹೆದರಿಕೊಂಡಿದ್ದವಳಿಗೆ ಅವಳ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಬಂತು.

"ಯಾವ ನೀರಿನಲ್ಲಿ ತೊಳೆದಿರಿ?" ಎಂದು ಕೇಳಿದಳು.

"ಉಪ್ಪುನೀರು."

"ಎಷ್ಟು ಉಪ್ಪು?"

ನಾಲಿಗೆಗೆ ಚುರ್ ಎನ್ನುವಷ್ಟು ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ. ಪಾತ್ರೆಯಲ್ಲಿ ಉಳಿದಿದ್ದ ನೀರನ್ನೇ ತಂದು ತೋರಿಸಿದೆ. ಓಡೆಟ್ ಕೋಳಿಗೂಡಿಗೆ ಹೋಗಿ ಒಂದು ಮೊಟ್ಟೆ ತಂದು ಅದರೊಳಗೆ ಬಿಟ್ಟಳು. ಉಪ್ಪಿನ ಹದ ಸರಿಯಿದ್ದರೆ ಮೊಟ್ಟೆ ತೇಲಬೇಕಂತೆ. ತೇಲಿತು. ಅವಳು ನನ್ನ ಮುಖ ನೋಡಿದಳು, ಮೊಟ್ಟೆ ನೋಡಿದಳು.

"ಅಳತೆ ಇಲ್ಲದೆ ಮಾಡಿದಿರಾ?"

"ನಾಲಿಗೆಯೇ ಅಳತೆ."

ಅವಳು ಜಗಲಿಗೆ ಹೋಗಿ ಒಂದು ಚೀಸನ್ನು ಮೂಗಿಗೆ ಹಿಡಿದಳು, ಹೆಬ್ಬೆರಳಿನಿಂದ ಒತ್ತಿದಳು. ಆಮೇಲೆ ಬಹಳ ಕಷ್ಟದಿಂದ ಒಂದು ವಿಷಯ ಹೇಳಿದಳು. ಅವಳ ಹಳ್ಳಿಯ ಕೆಳಗಿನ ಕಣಿವೆಯಲ್ಲಿ ಇನ್ನೊಂದು ಹಳ್ಳಿ ಇತ್ತು. ಅಲ್ಲಿಯವರು ಚೀಸನ್ನು ಬೂಷ್ಟು ಬರಲು ಬಿಡದೆ, ಎರಡು ದಿನಕ್ಕೊಮ್ಮೆ ಉಪ್ಪುನೀರಿನಲ್ಲಿ ಸವರಿ ಸವರಿ ಕೆಂಪಗೆ ಮಾಡುತ್ತಿದ್ದರು. ಕೆಟ್ಟ ನಾತ. ಓಡೆಟ್‌ಳ ಅಮ್ಮ ಆ ಹಳ್ಳಿಯ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುತ್ತಿದ್ದಳಂತೆ. ಓಡೆಟ್ ತನ್ನ ಜನ್ಮದಲ್ಲಿ ಅಂಥ ಚೀಸ್ ಮಾಡಿಲ್ಲ.

"ಈಗ ಉಳಿದಿರುವುದು ಅದೊಂದೇ ದಾರಿ," ಎಂದಳು. "ನನ್ನಮ್ಮ ನೋಡಿದ್ದರೆ ಮನೆಯೊಳಗೆ ಸೇರಿಸುತ್ತಿರಲಿಲ್ಲ."

ಅಂದಿನಿಂದ ನನಗೆ ಕೆಲಸ ಸಿಕ್ಕಿತು. ಎರಡು ದಿನಕ್ಕೊಮ್ಮೆ ನಾನು ಉಪ್ಪುನೀರು ಕಲಸುವುದು, ಅವಳು ಮೊಟ್ಟೆ ಬಿಟ್ಟು ನೋಡುವುದು, ಇಬ್ಬರೂ ನೆಲಮಾಳಿಗೆಯಲ್ಲಿ ಎದುರು ಬದುರು ಕೂತು ಸವರುವುದು. ಒಂಬತ್ತು ಚೀಸು ಬಿರುಕು ಬಿಟ್ಟು ಸೂಪಿಗೆ ಹೋದವು. ಹದಿನೈದು ನಿಂತವು. ಮೊದಲು ಅಂಟಂಟಾಯಿತು, ಆಮೇಲೆ ಅರಿಶಿನ ಹಚ್ಚಿದ ಹಾಗೆ ಹಳದಿ, ಆಮೇಲೆ ಕಿತ್ತಳೆ. ನಾತವೂ ಏರಿತು. ರೆನೆ ಊಟದ ಮೇಜಿನಲ್ಲಿ ತನ್ನ ಕುರ್ಚಿಯನ್ನು ನೆಲಮಾಳಿಗೆ ಬಾಗಿಲಿನಿಂದ ದೂರ ಎಳೆದುಕೊಂಡ.

ಒಂದು ದಿನ ಸವರುತ್ತ ಓಡೆಟ್ ಕೇಳಿದಳು.

"ಜಯಮ್ಮ, ನಾವಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು? ನಮ್ಮ ಮನೆಮಾತಿನಲ್ಲಿ ಅದಕ್ಕೆ ಹೆಸರಿಲ್ಲ. ಸೊಸೆಯ ತಾಯಿ ಎಂದು ಉದ್ದಕ್ಕೆ ಹೇಳಬೇಕು."

"ಇಂಗ್ಲಿಷಿನಲ್ಲೂ ಇಲ್ಲ," ಎಂದೆ. "ನಮ್ಮಲ್ಲಿ ಇದೆ. ಬೀಗಿತ್ತಿ."

ಅವಳು ಅದನ್ನು ನಾಲ್ಕೈದು ಸಲ ಹೇಳಿ ನೋಡಿದಳು. ತ್ತಿ ಬರಲಿಲ್ಲ, ಉಳಿದದ್ದು ಬಂತು.

ಭಾನುವಾರ

ರಶ್ಮಿ ಥಾರ್ನ್ಲಿಯ ಇಂಡಿಯನ್ ಅಂಗಡಿಯಿಂದ ರಾಗಿ ಹಿಟ್ಟು ತಂದಿದ್ದಳು. ಊಟದಲ್ಲಿ ಒಂದು ಪಾಳಿ ನನ್ನದು ಎಂದು ಓಡೆಟ್ ಒಪ್ಪಿದ್ದಳು. ಅವಳದೇ ಹಳೇ ಕೋಳಿಯ ಸಾರು, ಮುದ್ದೆ. ಮುದ್ದೆ ತಿರುವಲು ಕೋಲಿರಲಿಲ್ಲ. ರೆನೆ ಆಲಿವ್ ಮರದ ಒಂದು ಕೊಂಬೆ ಕಡಿದು, ಜೇಬಿನ ಚಾಕುವಿನಲ್ಲಿ ಬೆಳಿಗ್ಗೆಯೆಲ್ಲ ಕೂತು ನಯ ಮಾಡಿ ಕೊಟ್ಟ. ನಮ್ಮೂರ ಬಡಗಿಯೂ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ.

ಪಕ್ಕದ ತೋಟದ ಗಂಡ ಹೆಂಡತಿಯೂ ಬಂದಿದ್ದರು. ವರ್ಷಾ ವರ್ಷಾ ಓಡೆಟ್‌ಳ ಚೀಸಿಗೆ ಕಾದಿರುವವರು. ಹನ್ನೆರಡಕ್ಕೆ ಕೂತೆವು. ರೆನೆ ಮುದ್ದೆಯನ್ನು ಸುತ್ತಲೂ ನೋಡಿ, ಚಾಕು ತೆಗೆದು, ಬ್ರೆಡ್ಡಿಗೆ ಗೀರುವ ಹಾಗೆ ಅದರ ಮೇಲೂ ಶಿಲುಬೆ ಗೀರಿದ.

"ಅಪ್ಪಾ, ಅದನ್ನ ಅಗಿಯಬಾರದು, ನುಂಗಬೇಕು," ಎಂದು ಲೂಕ್ ತೋರಿಸಿಕೊಟ್ಟ. ನನ್ನ ಅಳಿಯ ಮುದ್ದೆ ನುಂಗಿದ್ದನ್ನು ನಾನು ಅಂದೇ ನೋಡಿದ್ದು. ಎರಡು ವರ್ಷದಲ್ಲಿ ನನ್ನ ಮಗಳು ಅವನನ್ನು ಚೆನ್ನಾಗಿ ತಯಾರು ಮಾಡಿದ್ದಳು.

ಆಮೇಲೆ ಓಡೆಟ್‌ಳ ಕುರಿಮಾಂಸ ಬಂತು. ಇನ್ನೂ ಸ್ವಲ್ಪ ಎಂದಳು. ಈಗ ಬುದ್ಧಿ ಬಂದಿತ್ತಲ್ಲ, ಹೂಂ ಎನ್ನಬೇಕೆಂದಿದ್ದವಳು ಜನರ ಮುಂದೆ ಅಭ್ಯಾಸಬಲದಿಂದ ಬೇಡ ಎಂದುಬಿಟ್ಟೆ. ಓಡೆಟ್ ಪಾತ್ರೆ ಕೆಳಗಿಡಲಿಲ್ಲ. ಎರಡನೇ ಸಲ ಕೇಳಿದಳು. ಬೇಡ ಎಂದೆ. ರಶ್ಮಿಯ ಕಡೆ ಒಂದು ಸಲ ನೋಡಿ, ಮೂರನೇ ಸಲ ಕೇಳದೆ ನನ್ನ ತಟ್ಟೆಗೆ ಎರಡು ಸೌಟು ಹಾಕಿದಳು. ಮಗಳು ತಲೆ ತಗ್ಗಿಸಿ ನಗುತ್ತಿದ್ದಳು.

ಕೊನೆಗೆ ಹಲಗೆ ಬಂತು. ಕಿತ್ತಳೆ ಬಣ್ಣದ ಮೂರು ಚೀಸು, ಹೊಳೆಯುತ್ತ ಕೂತಿದ್ದವು. ಅವುಗಳ ನಾತ ಅವಕ್ಕಿಂತ ಮೊದಲೇ ಮೇಜಿಗೆ ಬಂದಿತ್ತು. ಪಕ್ಕದ ತೋಟದ ಹೆಂಗಸು ಕಣ್ಣರಳಿಸಿ ಕೇಳಿದಳು.

"ಓಡೆಟ್, ಇದು ನಿನ್ನದಲ್ಲ. ಏನಾಯಿತು ಈ ಸಲ?"

ಎಲ್ಲರೂ ಓಡೆಟ್ ಕಡೆ ನೋಡಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ನಾನು ಏನೂ ಅನ್ನುವಂತಿರಲಿಲ್ಲ. ತೊಳೆದುಬಿಟ್ಟಳು, ತಿಳಿಯದ ಹೆಂಗಸು ಎಂದರೂ ಅದು ಸುಳ್ಳಲ್ಲ. ಮೇಜಿನ ಕೆಳಗೆ ರಶ್ಮಿಯ ಕೈ ನನ್ನ ಕೈ ಹಿಡಿಯಿತು.

"ಇದು ನನ್ನದಲ್ಲ, ನಿಜ," ಎಂದಳು ಓಡೆಟ್. "ಇದನ್ನು ಮಾಡಿದ್ದು ನನ್ನ ಬೀಗಿತಿ."

ಆ ಮಾತಿನ ಅರ್ಥವನ್ನು ಅವಳೇ ಅವರಿಗೆ ವಿವರಿಸಿದಳು. ನಾಲಿಗೆಯಲ್ಲೇ ಉಪ್ಪು ಅಳೆಯುತ್ತಾಳೆ, ಹಾಕಿದ ಮೊಟ್ಟೆ ತೇಲುತ್ತದೆ ಎಂದೂ ಹೇಳಿದಳು. ರೆನೆ ಅಷ್ಟರಲ್ಲಿ ಒಂದು ಚೂರು ಕತ್ತರಿಸಿ ಬಾಯಿಗಿಟ್ಟುಕೊಂಡಿದ್ದ. ಎರಡು ವಾರ ಮೂಗು ಮುಚ್ಚಿಕೊಂಡು ಓಡಾಡಿದವನು. ಚಾಕುವನ್ನು ಬ್ರೆಡ್ಡಿಗೆ ಒರೆಸಿದ. ಮಡಚಿ ಜೇಬಿಗೆ ಹಾಕುತ್ತಾನೆ ಎಂದುಕೊಂಡೆ. ಮಡಚಲಿಲ್ಲ. ಕೈ ಚಾಚಿ ಹಲಗೆಯಿಂದ ಎರಡನೇ ಸಲ ಕತ್ತರಿಸಿಕೊಂಡ.

ಲೂಕ್ ಫೋರ್ಕ್ ಕೆಳಗಿಟ್ಟ. ಓಡೆಟ್ ಗಂಡನನ್ನು ನೋಡಿದಳು. ನಲವತ್ತು ವರ್ಷದಲ್ಲಿ ಆ ಮೇಜಿನಲ್ಲಿ ಯಾರೂ ಮಾಡದ ಕೆಲಸ ಅದು.

"ಕಣಿವೆಯವರಿಗೆ ಮಾತ್ರ ಹೇಳಬೇಡಿ," ಎಂದ ರೆನೆ, ಬಾಯಿ ತುಂಬ ಚೀಸ್ ಇಟ್ಟುಕೊಂಡು.

ನನಗೆ ಬಹಳ ಹೆಮ್ಮೆಯಾಯಿತು. ಸುತ್ತಿ ಬಳಸಿ ಹೇಳುವುದೇಕೆ, ಕೆಲಸದಿಂದ ಬೀಳ್ಕೊಟ್ಟ ದಿನ ಹಾರ ಹಾಕಿದಾಗಲೂ ಅಷ್ಟು ಆಗಿರಲಿಲ್ಲ. ಪಾತ್ರೆ ತೊಳೆಯುವಾಗ ರಶ್ಮಿ ಪಕ್ಕಕ್ಕೆ ಬಂದು ನಿಂತಳು.

"ಅಮ್ಮ, ನೀನು ಮದುವೆಗೆ ಬರ್ಲಿಲ್ಲ ಅಂತ ನಂಗೆ ಇನ್ನೂ ಕೋಪ ಇತ್ತು."

"ಈಗ?"

"ಈಗ ಸ್ವಲ್ಪ ಕಮ್ಮಿ."

"ಬರಬೇಕಿತ್ತು ಕಣೇ," ಎಂದೆ. ಎರಡು ವರ್ಷದಿಂದ ಗಂಟಲಲ್ಲಿದ್ದ ಮಾತು. ಅವಳು ಒದ್ದೆ ಕೈಯಲ್ಲೇ ನನ್ನನ್ನು ಹಿಡಿದುಕೊಂಡಳು.

ಎಯ್ಟ್ ಮೈಲ್ ಪ್ಲೇನ್ಸ್, ಬ್ರಿಸ್ಬೇನ್

ಊರಿಗೆ ಮರಳುವ ಮುಂಚೆ ನಾಲ್ಕು ದಿನ ಬ್ರಿಸ್ಬೇನಿನಲ್ಲಿ ನನ್ನ ತಂಗಿಯ ಮಗಳು ಪಲ್ಲವಿಯ ಮನೆಯಲ್ಲಿದ್ದೆ. ಗಂಡ ಹೆಂಡತಿ ಇಬ್ಬರೂ ಅಲ್ಲೇ ಟೆಕ್ನಾಲಜಿ ಪಾರ್ಕಿನಲ್ಲಿ ಕೆಲಸದಲ್ಲಿದ್ದಾರೆ. ಹೊರಡುವ ಬೆಳಿಗ್ಗೆ ಓಡೆಟ್ ಎರಡು ಚೀಸನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ನನ್ನ ಕೈಚೀಲದಲ್ಲಿ ತಾನೇ ಇಟ್ಟಿದ್ದಳು. ಕೆನ್ನೆ ಕೊಡುವುದು ನನಗೆ ಆ ಹೊತ್ತಿಗೆ ಬಂದಿತ್ತು, ಎರಡೂ ಸರಿಯಾಗಿ ಬಿದ್ದವು. ವಿಮಾನದಲ್ಲಿ ನನ್ನ ಪಕ್ಕದವನು ಅರ್ಧ ದಾರಿಯಲ್ಲಿ ಬೇರೆ ಸೀಟು ಹುಡುಕಿಕೊಂಡು ಹೋದ. ಬೇಕಾದಷ್ಟು ಜಾಗವಾಯಿತು, ಕಾಲು ಚಾಚಿಕೊಂಡು ಬಂದೆ.

ಪಲ್ಲವಿಯ ಮನೆ ಸೇರಿದೊಡನೆ ಪೊಟ್ಟಣವನ್ನು ಫ್ರಿಜ್ಜಿನಲ್ಲಿಟ್ಟು ಸ್ನಾನಕ್ಕೆ ಹೋದೆ. ತಲೆ ಒರೆಸಿಕೊಂಡು ಬಂದು ನೋಡಿದರೆ ಅವಳು ಸಿಂಕಿನ ಮುಂದೆ ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಇನ್ನೊಂದರಲ್ಲಿ ಚೀಸ್ ಹಿಡಿದು ನಿಂತಿದ್ದಳು. ನಲ್ಲಿ ಬಿಟ್ಟಿತ್ತು, ಪಕ್ಕದಲ್ಲಿ ಸ್ಕ್ರಬ್ಬರು. ಅವಳ ಒಂಬತ್ತು ವರ್ಷದ ಮಗಳು ಬಾಗಿಲಲ್ಲೇ ನಿಂತು, "ಮಮ್, ಇಟ್ಸ್ ಆಫ್, ಬಿನ್ ಇಟ್," ಎಂದು, ಕೊಳೆತಿದೆ, ಕಸಕ್ಕೆ ಹಾಕು ಎನ್ನುತ್ತಿದ್ದಳು.

"ದೊಡ್ಡಮ್ಮ, ಪಾಪ ನಿಮಗೆ ಗೊತ್ತಾಗಿಲ್ಲ ಅನ್ಸತ್ತೆ. ಇದಕ್ಕೆ ಏನೋ ಹಿಡಿದ್ಬಿಟ್ಟಿದೆ," ಎಂದಳು ಪಲ್ಲವಿ, ಬಹಳ ಮೆತ್ತಗೆ, ನನಗೆ ನಾಚಿಕೆ ಆಗಬಾರದು ಎಂಬ ಹಾಗೆ. "ನಾನೇ ತೊಳೆದು ಕ್ಲೀನ್ ಮಾಡ್ಕೊಡ್ತೀನಿ."

ನಾನು ಹೋಗಿ ನಲ್ಲಿ ನಿಲ್ಲಿಸಿದೆ. ಅವಳ ಕೈಯಿಂದ ಚೀಸನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದೆ. ಒಂದು ಬದಿ ಸ್ವಲ್ಪ ಒಣಗಿತ್ತು, ಸವರುವ ದಿನವಾಗಿತ್ತು.

"ಮುಟ್ಬೇಡ ಕಣೇ," ಎಂದೆ. "ಇದು ನಮ್ಮ ಬೀಗಿತ್ತಿ ಮನೇದು. ತೊಳೆಯೋದು ನಂಗೆ ಬರತ್ತೆ. ನೀನು ಉಪ್ಪಿನ ಡಬ್ಬ ತಾ, ಹಾಗೇ ಒಂದು ಮೊಟ್ಟೆ."